ಹೊಡೆದುರುಳಿಸಿದ ವಿಮಾನಗಳ ಲೆಕ್ಕ: ದಂತಕಥೆ ಮತ್ತು ದಾಖಲೆ

ಐದು ಅಥವಾ ಅದಕ್ಕಿಂತ ಹೆಚ್ಚು ಶತ್ರುವಿಮಾನಗಳನ್ನು ಹೊಡೆದುರುಳಿಸಿದ ಪೈಲಟನನ್ನು ‘ಏಸ್’ ಎಂದು ಕೊಂಡಾಡುವ ರೂಢಿ ಮೊದಲನೆಯ ಮಹಾಯುದ್ಧದ ಕಾಲದ ಫ್ರಾನ್ಸಿನಲ್ಲಿ ಹುಟ್ಟಿತು. ಕಂದಕಗಳಲ್ಲಿ ಸಾವಿರಗಟ್ಟಲೆ ಸೈನಿಕರು ಹೆಸರಿಲ್ಲದೆ ಸಾಯುತ್ತಿದ್ದ ಕಾಲವದು. ಒಂದು ಹೆಸರು, ಒಂದು ಮುಖ, ಪಕ್ಕದಲ್ಲೊಂದು ಸಂಖ್ಯೆ ಇರುವ ವೀರ ಪತ್ರಿಕೆಗಳಿಗೂ ಬೇಕಾಗಿದ್ದ, ಸರ್ಕಾರಗಳಿಗೂ ಬೇಕಾಗಿದ್ದ. ಅಲ್ಲಿಂದೀಚೆಗೆ ಜರ್ಮನ್ ಪೈಲಟ್‌ಗಳಲ್ಲಿ ರಿಚ್‌ಟೋಫೆನ್ ಎಂದರೆ 80, ಹಾರ್ಟ್‌ಮನ್ ಎಂದರೆ 352 ಎಂದು ಬ್ಯಾಟ್ಸ್‌ಮನ್‌ಗಳ ಶತಕಗಳನ್ನು ಒಪ್ಪಿಸುವ ಹಾಗೆ ಒಪ್ಪಿಸುವುದು ನಡೆದುಬಂದಿದೆ. ಒಂದು ವ್ಯತ್ಯಾಸವಿದೆ. ಕ್ರಿಕೆಟಿನ ಸ್ಕೋರು ಪುಸ್ತಕ ಎರಡೂ ತಂಡಗಳ ಕಣ್ಣೆದುರಿಗೆ ತುಂಬುತ್ತದೆ; ಆಕಾಶದಲ್ಲಿ ಸ್ಕೋರು ಬರೆದುಕೊಳ್ಳುವವರು ಹೊಡೆದವರ ಕಡೆಯವರೇ. ಹೀಗೆ ಬರೆದುಕೊಂಡ ಗೆಲುವಿಗೆ ಸೇನೆಗಳ ಮಾತಿನಲ್ಲಿ ಕ್ಲೇಮು ಎಂದು ಹೆಸರು. ಕ್ಲೇಮನ್ನು ಇನ್ನಷ್ಟು ಕ್ಲೇಮುಗಳಿಂದ ಪರೀಕ್ಷಿಸಲು ಬರುವುದಿಲ್ಲ, ಸೋತವನ ನಷ್ಟದ ಪುಸ್ತಕದಿಂದ ಮಾತ್ರ ಪರೀಕ್ಷಿಸಬಹುದು ಎಂಬುದು ಕಳೆದ ಐವತ್ತು ಅರವತ್ತು ವರ್ಷಗಳ ಸಂಶೋಧನೆಯ ತಳಹದಿ. ಆ ಪುಸ್ತಕ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಈ ಲೇಖನದ ವಿಷಯ.

ಕ್ಲೇಮು ಉಬ್ಬುವುದಕ್ಕೆ ಸುಳ್ಳು ಹೇಳುವವರೇ ಬೇಕಿಲ್ಲ. 1940ರ ಹರಿಕೇನ್ ಅಥವಾ ಸ್ಪಿಟ್‌ಫೈರ್ ವಿಮಾನದ ಎಂಟು ಮೆಷಿನ್‌ಗನ್‌ಗಳಲ್ಲಿ ಒಟ್ಟು ಸುಮಾರು 15 ಸೆಕೆಂಡುಗಳಿಗೆ ಸಾಲುವಷ್ಟು ಗುಂಡು ಇರುತ್ತಿತ್ತು. ಪೈಲಟ್ ಎರಡು ಮೂರು ಸೆಕೆಂಡು ಹೊಡೆದು, ಬೆನ್ನ ಹಿಂದೆ ಯಾರಿದ್ದಾರೆಂದು ನೋಡಲು ತಿರುಗಬೇಕಿತ್ತು. ಗುರಿಯನ್ನೇ ನೋಡುತ್ತ ಕೂತವನು ಉಳಿಯುತ್ತಿರಲಿಲ್ಲ. ಎದುರಿನ ಮೆಸರ್ಶ್ಮಿಟ್ 109ರ ಎಂಜಿನ್ನಿಗೆ ಇಂಧನ ಒತ್ತಡದಲ್ಲಿ ನೇರವಾಗಿ ನುಗ್ಗುತ್ತಿದ್ದುದರಿಂದ ಅದು ಮೂತಿ ಬಗ್ಗಿಸಿ ಥಟ್ಟನೆ ಕೆಳಕ್ಕೆ ಧುಮುಕಬಲ್ಲದಾಗಿತ್ತು. ಹಾಗೆ ಪೂರ್ತಿ ಶಕ್ತಿ ಹಾಕಿ ಧುಮುಕುವಾಗ ಕಪ್ಪು ಹೊಗೆ ಕಾರುತ್ತಿತ್ತು. ಅದೇ ರೀತಿ ಮೂತಿ ಬಗ್ಗಿಸಿದರೆ ಬ್ರಿಟಿಷ್ ವಿಮಾನದ ಕಾರ್ಬ್ಯುರೇಟರಿಗೆ ಇಂಧನ ತಪ್ಪಿ ಎಂಜಿನ್ ತಡವರಿಸುತ್ತಿತ್ತು, ಹಿಂಬಾಲಿಸಲಾಗುತ್ತಿರಲಿಲ್ಲ. ಹೊಡೆದೆ, ಹೊಗೆ ಬಂತು, ನೆಟ್ಟಗೆ ಕೆಳಕ್ಕೆ ಹೋಗಿ ಮೋಡದಲ್ಲಿ ಮರೆಯಾಯಿತು: ಪೈಲಟ್ ಕಂಡದ್ದನ್ನೇ ಬರೆದಿದ್ದಾನೆ. ಮೋಡದ ಕೆಳಗೆ ಆ ಮೆಸರ್ಶ್ಮಿಟ್ ಮೂತಿ ಎತ್ತಿಕೊಂಡು ಫ್ರಾನ್ಸಿನ ದಾರಿ ಹಿಡಿದಿರುತ್ತದೆ.

ಇದಕ್ಕೆ ಇನ್ನೊಂದು ಗೋಜಲು ಸೇರುತ್ತದೆ. 1940ರ ಸೆಪ್ಟೆಂಬರ್ 15ರಂದು ಲಂಡನ್ನಿನ ವಿಕ್ಟೋರಿಯಾ ರೈಲು ನಿಲ್ದಾಣದ ಅಂಗಳಕ್ಕೆ ಒಂದು ಡಾರ್ನಿಯರ್ ಬಾಂಬರ್ ಬಿತ್ತು. ಸಾರ್ಜೆಂಟ್ ರೇ ಹೋಮ್ಸ್ ತನ್ನ ಹರಿಕೇನಿನಿಂದ ಅದಕ್ಕೆ ಡಿಕ್ಕಿ ಹೊಡೆದು ಬಕಿಂಗ್‌ಹ್ಯಾಮ್ ಅರಮನೆಯನ್ನು ಉಳಿಸಿದ ಎಂಬ ಕಥೆ ಬ್ರಿಟನ್ನಿನಲ್ಲಿ ಇಂದಿಗೂ ಜನಪ್ರಿಯ. ಡಿಕ್ಕಿ ನಿಜ. ಹೋಮ್ಸ್‌ನ ವಿಮಾನದ ಅವಶೇಷವನ್ನು 2004ರಲ್ಲಿ ಲಂಡನ್ನಿನ ರಸ್ತೆಯಡಿಯಿಂದ ಅಗೆದು ತೆಗೆದರು. ಆದರೆ ಹೋಮ್ಸ್ ಬರುವ ಮೊದಲೇ ಹಲವು ಫೈಟರುಗಳು ಆ ಡಾರ್ನಿಯರನ್ನು ಜರ್ಜರಗೊಳಿಸಿದ್ದವು, ಮತ್ತು ಆ ಹಲವರೂ ಪ್ರಾಮಾಣಿಕವಾಗಿಯೇ ಅದನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಂಡರು. ಅಂಗಳದಲ್ಲಿ ಬಿದ್ದದ್ದು ಒಂದೇ ವಿಮಾನ, ಕಾಗದದಲ್ಲಿ ಬಿದ್ದವು ಹಲವು. ಆ ದಿನ ಬ್ರಿಟನ್ 185 ಜರ್ಮನ್ ವಿಮಾನಗಳನ್ನು ಹೊಡೆದಿದ್ದೇವೆಂದು ಜಗತ್ತಿಗೆ ಸಾರಿತು. ಯುದ್ಧಾನಂತರ ಸಿಕ್ಕ ಜರ್ಮನ್ ಲೆಕ್ಕದಲ್ಲಿ ನಷ್ಟ ಸುಮಾರು 60. ಜುಲೈ 10ರಿಂದ ಅಕ್ಟೋಬರ್ 31ರವರೆಗಿನ ಇಡೀ ಬ್ರಿಟನ್ ಕಾಳಗಕ್ಕೆ ಬ್ರಿಟಿಷ್ ಕ್ಲೇಮು 2,700ರ ಹತ್ತಿರ, ಜರ್ಮನ್ ನಷ್ಟ 1,733. ಜರ್ಮನರ ಕ್ಲೇಮುಗಳೂ ಹೀಗೆಯೇ ಉಬ್ಬಿದ್ದವು. ಒಂದೇ ಜಾಗದಲ್ಲಿ ಹೆಚ್ಚು ವಿಮಾನಗಳು ಮುತ್ತಿದಷ್ಟೂ ಉಬ್ಬರ ಹೆಚ್ಚುತ್ತದೆ ಎಂಬುದು ಕಾಳಗದಿಂದ ಕಾಳಗಕ್ಕೆ ಕಾಣುವ ಸಂಗತಿ. ಒಬ್ಬಿಬ್ಬರು ಸುಳ್ಳುಗಾರರು ಇದಕ್ಕೆ ಕಾರಣವಾಗಿದ್ದರೆ ಇಷ್ಟು ನಿಯತವಾದ ಏರಿಳಿತ ಕಾಣಿಸುತ್ತಿರಲಿಲ್ಲ.

ಸೋತವನ ಲೆಕ್ಕವನ್ನೇ ಏಕೆ ನಂಬಬೇಕು? ಅವನೂ ಮುಚ್ಚಿಡುವುದಿಲ್ಲವೇ? ಈ ಆಕ್ಷೇಪಣೆ ಸಹಜವಾದದ್ದು, ಮತ್ತು ಪತ್ರಿಕಾ ಪ್ರಕಟಣೆಗಳ ಮಟ್ಟಿಗೆ ಪೂರ್ತಿ ಸರಿ. ಆದರೆ ಒಳಗಿನ ಕಾಗದಪತ್ರಗಳ ಸ್ವಭಾವವೇ ಬೇರೆ. ಜರ್ಮನ್ ವಾಯುಪಡೆಯ ಸರಬರಾಜು ವಿಭಾಗ ಪ್ರತಿ ಹಾನಿಯನ್ನೂ ಶೇಕಡಾ ಲೆಕ್ಕದಲ್ಲಿ ಬರೆಯುತ್ತಿತ್ತು: ಹಾನಿ 60ಕ್ಕಿಂತ ಕಡಿಮೆಯಾದರೆ ರಿಪೇರಿ, 60 ಮುಟ್ಟಿದರೆ ಗುಜರಿ, 100 ಎಂದರೆ ಏನೂ ಉಳಿದಿಲ್ಲ. ವಿಮಾನದ ಕ್ರಮಸಂಖ್ಯೆ, ಬಿದ್ದ ಜಾಗ, ಸಿಬ್ಬಂದಿಯ ಗತಿ ಎಲ್ಲವೂ ಅದರಲ್ಲಿ ದಾಖಲು. ಇದನ್ನು ಬರೆದದ್ದು ಹೊಸ ವಿಮಾನ ತರಿಸಿಕೊಳ್ಳಲು. ನಷ್ಟವನ್ನು ಮುಚ್ಚಿಟ್ಟ ಸ್ಕ್ವಾಡ್ರನ್ನಿಗೆ ಬದಲಿ ವಿಮಾನ ಬರುವುದಿಲ್ಲ. ಸತ್ತವನನ್ನು ಬದುಕಿದ್ದಾನೆಂದು ಬರೆದರೆ ಅವನ ಸಂಬಳ, ಅವನ ಮನೆಯವರ ಪಿಂಚಣಿ ಯಾವುದೂ ತಾಳೆಯಾಗುವುದಿಲ್ಲ. ಕಿರಾಣಿ ಅಂಗಡಿಯವನು ಗಿರಾಕಿಗಳ ಮುಂದೆ ವ್ಯಾಪಾರ ಭರ್ಜರಿ ಎಂದು ಹೇಳಿಕೊಳ್ಳಬಹುದು, ಖಾತೆ ಪುಸ್ತಕದಲ್ಲಿ ಹಾಗೆ ಬರೆದರೆ ಮಾರನೆಯ ದಿನ ಅಂಗಡಿಗೆ ಸಾಮಾನು ಇರುವುದಿಲ್ಲ. ಶಾಸನಗಳನ್ನು ಓದುವವರಿಗೆ ಈ ಭೇದ ಹೊಸದಲ್ಲ: ಪ್ರಶಸ್ತಿಯ ಸಾಲುಗಳಲ್ಲಿ ರಾಜ ದಿಕ್ಕುದಿಕ್ಕನ್ನು ಗೆದ್ದಿರುತ್ತಾನೆ, ದತ್ತಿಯ ಭಾಗದಲ್ಲಿ ಮಾತ್ರ ಗದ್ದೆಯ ಗಡಿ, ಅಳತೆ, ತೆರಿಗೆ ಖಚಿತವಾಗಿರುತ್ತವೆ. ನಷ್ಟಪಟ್ಟಿ ದತ್ತಿಯ ಭಾಗಕ್ಕೆ ಸೇರಿದ್ದು.

ಹಾಗೆಂದು ಅದು ಸರ್ವಜ್ಞನಲ್ಲ. ಜರ್ಮನ್ ವಾಯುಪಡೆಯ ಬಹುಪಾಲು ಕಾಗದಪತ್ರಗಳನ್ನು ಯುದ್ಧದ ಕೊನೆಯಲ್ಲಿ ಅವರೇ ಸುಟ್ಟರು. ಉಳಿದಿರುವುದರಲ್ಲೂ ಕೊನೆಯ ವರ್ಷದ್ದು ತೀರ ಹರಿದುಹೋದ ಚಿತ್ರ. ಅದಕ್ಕಿಂತ ಮುಖ್ಯವಾದದ್ದು, ಏನು ಕಳೆಯಿತು ಎಂಬುದರಲ್ಲಿ ನಷ್ಟಪಟ್ಟಿ ಗಟ್ಟಿ, ಯಾರಿಂದ ಕಳೆಯಿತು ಎಂಬುದರಲ್ಲಿ ಪೊಳ್ಳು. ಹಿಂದಿರುಗದ ವಿಮಾನದ ಬಗ್ಗೆ ಅದರ ಸ್ಕ್ವಾಡ್ರನ್ನಿಗೆ ಗೊತ್ತಿರುವುದು ಹಿಂದಿರುಗಲಿಲ್ಲ ಎಂಬುದಷ್ಟೇ. ಫಿರಂಗಿಯ ಗುಂಡೋ, ಎಂಜಿನ್ ದೋಷವೋ, ಇಂಧನ ತೀರಿತೋ, ಶತ್ರುವಿನ ಏಟೋ, ಇವೆಲ್ಲ ಊಹೆ. ಆದ್ದರಿಂದ ಪರಿಶೀಲನೆ ಎಂದರೆ ಹೊತ್ತು, ಜಾಗ, ವಿಮಾನದ ಜಾತಿ ಈ ಮೂರನ್ನೂ ಎರಡೂ ಕಡೆಯ ಕಾಗದಗಳಲ್ಲಿ ಹೊಂದಿಸಿ ನೋಡುವ ನಿಧಾನದ ಕೆಲಸ. ಬರ್ಲಿನ್ನಿನ ಗಡಿಯಾರಕ್ಕೂ ಲಂಡನ್ನಿನ ಗಡಿಯಾರಕ್ಕೂ ಇರುವ ವ್ಯತ್ಯಾಸ ಮರೆತು ದಾರಿ ತಪ್ಪಿದವರೂ ಉಂಟು.

ಈ ಕೆಲಸದಲ್ಲಿ ಎಲ್ಲ ದಂತಕಥೆಗಳೂ ಕರಗುವುದಿಲ್ಲ. ಮೊದಲ ಮಹಾಯುದ್ಧದ ರಿಚ್‌ಟೋಫೆನ್‌ನ 80 ಗೆಲುವುಗಳಲ್ಲಿ ಬಹುಪಾಲಿಗೆ ಎದುರಾಗಿ ಬ್ರಿಟಿಷ್ ದಾಖಲೆಯಲ್ಲಿ ಹೆಸರಿರುವ ಪೈಲಟ್, ಸಂಖ್ಯೆಯಿರುವ ವಿಮಾನ ಸಿಗುತ್ತದೆ. ಅವನು ಹೆಚ್ಚು ಪ್ರಾಮಾಣಿಕನಾಗಿದ್ದ ಎಂದಲ್ಲ. ಜರ್ಮನರು ಸಾಮಾನ್ಯವಾಗಿ ತಮ್ಮ ಕಡೆಯ ನೆಲದ ಮೇಲೇ ಕಾದಾಡುತ್ತಿದ್ದರು, ಬಿದ್ದ ವಿಮಾನ ಅವರ ಕೈಗೇ ಸಿಗುತ್ತಿತ್ತು. ರಿಚ್‌ಟೋಫೆನ್ ಅದರ ಸಂಖ್ಯೆಯ ಬಟ್ಟೆಯನ್ನು ಕತ್ತರಿಸಿ ತಂದು ಕೋಣೆಯಲ್ಲಿ ತೂಗುಹಾಕುತ್ತಿದ್ದ, ಪ್ರತಿ ಗೆಲುವಿಗೊಂದು ಬೆಳ್ಳಿಯ ಬಟ್ಟಲು ಮಾಡಿಸುತ್ತಿದ್ದ. 60ಕ್ಕೆ ಬಂದಾಗ ಯುದ್ಧಕಾಲದ ಬೆಳ್ಳಿಯ ಅಭಾವ ಆ ಹವ್ಯಾಸವನ್ನು ನಿಲ್ಲಿಸಿತು. ಅವನ ಸಾವಿನ ಕಥೆಗೆ ಮಾತ್ರ ಇಂಥ ಬೆಂಬಲವಿಲ್ಲ. 1918ರ ಏಪ್ರಿಲ್ 21ರಂದು ಅವನನ್ನು ಕೊಂದ ಕೀರ್ತಿ ಅಧಿಕೃತವಾಗಿ ಕೆನಡಾದ ಪೈಲಟ್ ರಾಯ್ ಬ್ರೌನ್‌ಗೆ ಹೋಯಿತು. ಶವಪರೀಕ್ಷೆಯಲ್ಲಿ ಗುಂಡು ಬಲಗಂಕುಳ ಕೆಳಗೆ ಹೊಕ್ಕು ಎಡ ಎದೆಯಲ್ಲಿ ಹೊರಬಿದ್ದಿತ್ತು. ಹಿಂದಿನಿಂದ, ಮೇಲಿನಿಂದ ಎರಗಿದ ಬ್ರೌನ್‌ನ ದಾಳಿಗೆ ಈ ದಾರಿ ಕೂಡಿಬರುವುದಿಲ್ಲ. ನೆಲದಿಂದ ಹೊಡೆದ ಆಸ್ಟ್ರೇಲಿಯಾದ ಮೆಷಿನ್‌ಗನ್ನಿಗೆ ಹೆಚ್ಚು ಒಪ್ಪುತ್ತದೆ.

ಆ ಯುದ್ಧದಲ್ಲಿ ಬ್ರಿಟಿಷರ ಸ್ಥಿತಿ ಜರ್ಮನರದಕ್ಕೆ ತಿರುಗುಮುರುಗು. ಅವರು ಶತ್ರುನೆಲದ ಮೇಲೆ ಹೋಗಿ ಹೊಡೆಯುತ್ತಿದ್ದುದರಿಂದ ‘ಹತೋಟಿ ತಪ್ಪಿ ಬಿತ್ತು’ ಎಂಬ ಇನ್ನೊಂದು ವರ್ಗವನ್ನೇ ಸೃಷ್ಟಿಸಿ ಅದನ್ನೂ ಗೆಲುವಿಗೆ ಸೇರಿಸಿದರು. ಕಲ್ಕತ್ತೆಯ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ, ಎರಡು ವಾರಗಳೊಳಗೆ, ಹತ್ತು ಗೆಲುವು ಪಡೆದು ಅದೇ ತಿಂಗಳ 22ರಂದು ಹತರಾದರು. ಆ ಹತ್ತರಲ್ಲಿ ಅರ್ಧದಷ್ಟು ಈ ವರ್ಗದವು. ಭಾರತದ ಮೊದಲ ಏಸ್ ಎಂಬ ಅವರ ಸ್ಥಾನ ಇದರಿಂದ ಅಲುಗಬೇಕಿಲ್ಲ, ಏಕೆಂದರೆ ಅವರ ಜೊತೆ ಹಾರಿದ ಪ್ರತಿ ಬ್ರಿಟಿಷ್ ಏಸ್‌ನ ಸಂಖ್ಯೆಯೂ ಇದೇ ಅಳತೆಗೋಲಿನದು. ಅಳತೆಗೋಲೇ ಬೇರೆಯಾದ ಜರ್ಮನ್ ಸಂಖ್ಯೆಯ ಪಕ್ಕದಲ್ಲಿ ಅದನ್ನಿಟ್ಟು ಯಾರು ದೊಡ್ಡವರೆಂದು ಕೇಳುವುದು ಮಾತ್ರ ಅರ್ಥವಿಲ್ಲದ ಆಟ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ನೌಕಾಪಡೆ ವೈಯಕ್ತಿಕ ಗೆಲುವುಗಳ ಅಧಿಕೃತ ಪಟ್ಟಿಯನ್ನೇ ಇಟ್ಟಿರಲಿಲ್ಲ. ಅದರ ಪೈಲಟ್ ಸಬುರೊ ಸಕಾಯ್‌ಗೆ ಅಂಟಿಕೊಂಡ 64 ಎಂಬ ಅಂಕಿ ಜಗತ್ಪ್ರಸಿದ್ಧವಾದದ್ದು 1957ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅವನ ಜೀವನಕಥೆಯಿಂದ. ಅದೇ ಸಕಾಯ್ 1942ರ ಆಗಸ್ಟ್ 7ರಂದು ಗ್ವಾಡಲ್‌ಕನಾಲ್ ಮೇಲೆ ಅಮೆರಿಕದ ಜೇಮ್ಸ್ ಸದರ್‌ಲೆಂಡ್‌ನ ವೈಲ್ಡ್‌ಕ್ಯಾಟ್ ಜೊತೆ ನಡೆಸಿದ ದೀರ್ಘ ದ್ವಂದ್ವ ಮಾತ್ರ ಇಬ್ಬರ ಹೇಳಿಕೆಗಳಲ್ಲೂ ಹೊಂದುತ್ತದೆ. ಆ ವೈಲ್ಡ್‌ಕ್ಯಾಟಿನ ಅವಶೇಷ 1998ರಲ್ಲಿ ಕಾಡಿನಲ್ಲಿ ಸಿಕ್ಕಿತು. ಸಂಖ್ಯೆ ನಿಲ್ಲದೆ ಹೋದ ಕಡೆಯಲ್ಲೂ ಘಟನೆ ನಿಲ್ಲಬಹುದು. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಕಾದಾಡಿದ ಜರ್ಮನ್ ಪೈಲಟ್ ಮಾರ್ಸೇಯ್ ಬಗ್ಗೆಯೂ ಹೀಗೆ ಹೇಳಬಹುದು: 1942ರ ಸೆಪ್ಟೆಂಬರ್ 1ರ ಒಂದೇ ದಿನ ಅವನು ಹೇಳಿದ 17 ಗೆಲುವುಗಳಷ್ಟಕ್ಕೂ ಎದುರುಪಕ್ಷದ ನಷ್ಟ ಸಿಗುವುದಿಲ್ಲ, ಗಣನೀಯ ಭಾಗಕ್ಕೆ ಸಿಗುತ್ತದೆ.

ದಾಖಲೆಯೇ ಇಲ್ಲದಾಗ ಏನು ಹೇಳಬೇಕು? ಇದು ಮೊದಲಿನದಕ್ಕಿಂತ ಕಠಿಣವಾದ ಆಕ್ಷೇಪಣೆ. ಕೆನಡಾದ ಬಿಲ್ಲಿ ಬಿಷಪ್ 1917ರ ಜೂನ್ 2ರ ಮುಂಜಾವಿನಲ್ಲಿ ಒಬ್ಬನೇ ಜರ್ಮನ್ ವಿಮಾನ ನೆಲೆಯೊಂದರ ಮೇಲೆ ಎರಗಿ ಮೂರು ವಿಮಾನಗಳನ್ನು ಹೊಡೆದೆನೆಂದು ವರದಿ ಕೊಟ್ಟ. ಸಾಕ್ಷಿಗಳಿರಲಿಲ್ಲ, ಆದರೂ ವಿಕ್ಟೋರಿಯಾ ಕ್ರಾಸ್ ಬಂತು. ಅವನ ಪಟ್ಟಿ ಕೊನೆಗೆ 72ಕ್ಕೆ ಮುಟ್ಟಿತು. 1982ರಲ್ಲಿ ಒಂದು ಚಲನಚಿತ್ರ ಈ ದಾಳಿ ನಡೆದೇ ಇಲ್ಲವೆಂಬ ಶಂಕೆ ಎತ್ತಿದಾಗ ಕೆನಡಾದ ಸೆನೆಟ್ ವಿಚಾರಣೆಯನ್ನೇ ನಡೆಸಿತು. ಜರ್ಮನ್ ಕಾಗದಗಳಲ್ಲಿ ಆ ದಾಳಿಗೆ ಹೊಂದುವ ನಷ್ಟ ಕಾಣುವುದಿಲ್ಲ ಎಂಬುದು ಒಂದು ವಾದ. ಮೊದಲ ಮಹಾಯುದ್ಧದ ಉಳಿದಿರುವ ಜರ್ಮನ್ ಪಟ್ಟಿಗಳು ಮುಖ್ಯವಾಗಿ ಸತ್ತವರ, ಗಾಯಗೊಂಡವರ ಪಟ್ಟಿಗಳು, ಜೀವಹಾನಿಯಾಗದ ವಿಮಾನನಷ್ಟ ಅವುಗಳಲ್ಲಿ ಬರಬೇಕೆಂದೇನೂ ಇಲ್ಲ ಎಂಬುದು ಪ್ರತಿವಾದ. ಎರಡನೆಯದು ತೂಕದ ಮಾತು. ಆದರೆ ಅದು ಬಿಷಪ್‌ನನ್ನು ಸುಳ್ಳುಗಾರನೆಂಬ ಆರೋಪದಿಂದ ಬಿಡಿಸುತ್ತದೆಯೇ ಹೊರತು ದಾಳಿಯನ್ನು ರುಜುವಾತು ಮಾಡುವುದಿಲ್ಲ. ಖಾಲಿ ಹಾಳೆ ಯಾರ ಪರವಾಗಿಯೂ ಸಾಕ್ಷಿ ಹೇಳಲಾರದು. ವಿಶ್ವಕೋಶ ಬರೆಯುವವನು ಅಲ್ಲಿ ‘ಬಿಷಪ್ ಹೇಳಿದಂತೆ’ ಎಂದು ಬರೆದು ನಿಲ್ಲಿಸಬೇಕು. ಕೊರಿಯಾ ಯುದ್ಧದಲ್ಲಿ ಹಾಳೆ ಖಾಲಿಯಿರಲಿಲ್ಲ, ಬೀಗ ಹಾಕಿತ್ತು. ಅಮೆರಿಕ ಎದುರಾಳಿಗಳ 792 ಮಿಗ್ ಜೆಟ್ ಉರುಳಿಸಿ ತನ್ನ 78 ಸೇಬರ್ ಜೆಟ್ ಮಾತ್ರ ಕಳೆದುಕೊಂಡೆನೆಂದು, ಅಂದರೆ ಒಂದಕ್ಕೆ ಹತ್ತು ಎಂದು, ದಶಕಗಳ ಕಾಲ ಬರೆದುಕೊಂಡಿತು. ಸೋವಿಯೆತ್ ಪೈಲಟ್‌ಗಳು ಅಲ್ಲಿದ್ದರೆಂಬುದೇ ಗುಟ್ಟಾಗಿತ್ತು. ಸೋವಿಯೆತ್ ಒಕ್ಕೂಟ ಕುಸಿದ ಮೇಲೆ ತೆರೆದ ಲೆಕ್ಕದಲ್ಲಿ ಅವರ ಮಿಗ್ ನಷ್ಟ 335, ಚೀನೀಯರದ್ದು ಬೇರೆ. ಅವರು ಉರುಳಿಸಿದೆವೆಂದು ಬರೆದುಕೊಂಡಿದ್ದ ಸೇಬರ್‌ಗಳೋ 600ಕ್ಕೂ ಹೆಚ್ಚು!

ಭಾರತದ ದಂತಕಥೆಗಳಿಗೂ ಇದೇ ಪರೀಕ್ಷೆ ಅನ್ವಯಿಸಬೇಕು. 1965ರ ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ನ್ಯಾಟ್ ವಿಮಾನದಿಂದ ಪಾಕಿಸ್ತಾನದ ಸೇಬರ್ ಒಂದನ್ನು ಉರುಳಿಸಿದರೆಂದು ವೀರಚಕ್ರ ಬಂತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ಆ ಪುಟ್ಟ ವಿಮಾನಕ್ಕೆ ‘ಸೇಬರ್ ಸ್ಲೇಯರ್’ ಎಂಬ ಬಿರುದು ಅಂಟಿದ್ದು ಆ ಯುದ್ಧದಿಂದಲೇ. ಪಾಕಿಸ್ತಾನದ ಲೆಕ್ಕದಲ್ಲಿ ಆ ಸೇಬರ್ ಪೆಟ್ಟು ತಿಂದು, ಹೇಗೋ ಎಳೆದಾಡಿಕೊಂಡು ನೆಲೆಗೆ ಮರಳಿತು. ಅದೇ ದಿನ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿದ ಭಾರತದ ಇನ್ನೊಂದು ನ್ಯಾಟ್ ಈಗ ಕರಾಚಿಯ ವಸ್ತುಸಂಗ್ರಹಾಲಯದಲ್ಲಿದೆ. ತಮ್ಮ ಸ್ಟಾರ್‌ಫೈಟರ್ ಅದನ್ನು ಬೆದರಿಸಿ ಇಳಿಸಿತೆಂಬುದು ಅಲ್ಲಿಯ ಕಥೆ, ಪೈಲಟ್ ದಾರಿ ತಪ್ಪಿ ತನ್ನದೇ ನೆಲೆಯೆಂದು ಇಳಿದನೆಂಬುದು ಇಲ್ಲಿಯ ವಿವರಣೆ. 1971ರ ನವೆಂಬರ್ 22ರಂದು ಪೂರ್ವ ಪಾಕಿಸ್ತಾನದ ಗಡಿಯ ಬೊಯ್ರಾದ ಮೇಲೆ ನಾಲ್ಕು ನ್ಯಾಟ್‌ಗಳು ಮೂರು ಸೇಬರ್ ಉರುಳಿಸಿದವೆಂದು ಭಾರತ ಬರೆಯಿತು. ಬಿದ್ದವು ಎರಡು; ಮೂರನೆಯದು ಗಾಯಗೊಂಡು ಢಾಕಾ ಸೇರಿತು. ಸೇರಿದ್ದಷ್ಟೇ ಅಲ್ಲ, ಅದರ ಪೈಲಟ್ ತಾನೂ ಒಂದು ನ್ಯಾಟ್ ಹೊಡೆದೆನೆಂದು ವರದಿ ಕೊಟ್ಟ. ನಾಲ್ಕೂ ನ್ಯಾಟ್‌ಗಳು ಅಷ್ಟರಲ್ಲಿ ಕ್ಷೇಮವಾಗಿ ಇಳಿದಿದ್ದವು. ಬೊಯ್ರಾದ ಮಹತ್ವ ಮೂರನೆಯ ಸೇಬರ್‌ನಲ್ಲಿಲ್ಲ. ಆ ದಿನ ಭಾರತೀಯ ಪಡೆಗಳ ಮೇಲೆ ದಾಳಿ ಮಾಡುತ್ತಿದ್ದವರು ಹಿಮ್ಮೆಟ್ಟಿದರು, ಇಬ್ಬರು ಪೈಲಟ್‌ಗಳು ಸೆರೆಯಾದರು, ಅವರಲ್ಲೊಬ್ಬರಾದ ಪರ್ವೇಜ್ ಮೆಹದಿ ಕುರೇಶಿ ಮುಂದೆ ಪಾಕಿಸ್ತಾನ ವಾಯುಪಡೆಯ ಮುಖ್ಯಸ್ಥರೇ ಆದರು. ಬ್ರಿಟನ್ನಿನ 185ರ ಕಥೆಯೂ ಹೀಗೆಯೇ. ಅಂಕಿ ಮೂರರಲ್ಲೊಂದು ಪಾಲಿಗೆ ಇಳಿದರೂ, ಎರಡು ದಿನಗಳ ನಂತರ ಹಿಟ್ಲರ್ ಬ್ರಿಟನ್ ಮೇಲಿನ ಆಕ್ರಮಣವನ್ನು ಮುಂದಕ್ಕೆ ಹಾಕಿದ್ದು ಬದಲಾಗುವುದಿಲ್ಲ.

ಕೊನೆಯ ಆಕ್ಷೇಪಣೆ, ಎಲ್ಲಕ್ಕಿಂತ ಹೆಚ್ಚು ಕೇಳಿಬರುವಂಥದ್ದು: ಈ ಪರಿಶೀಲನೆ ವೀರರನ್ನು ಕುಗ್ಗಿಸುವುದಕ್ಕಷ್ಟೇ ಇದೆ. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಪಾಕಿಸ್ತಾನದ ಸರ್ಗೋಧಾ ನೆಲೆಯ ಸುತ್ತ ನಡೆದದ್ದನ್ನು ನೋಡಿದವರು ಹೀಗೆ ಹೇಳಲಾರರು. ಅಂದು ಹಲವಾರಾದಿಂದ ಹೋದ ಭಾರತದ ಹಂಟರ್‌ಗಳನ್ನು ಎದುರಿಸಿದ ಎಂ.ಎಂ. ಆಲಂ ಒಂದು ನಿಮಿಷದೊಳಗೆ ಐದನ್ನು ಉರುಳಿಸಿದರು ಎಂಬುದು ಪಾಕಿಸ್ತಾನದ ಅತಿ ದೊಡ್ಡ ವೈಮಾನಿಕ ದಂತಕಥೆ. ಭಾರತದ ದಾಖಲೆಯಲ್ಲಿ ಆ 7ನೇ ಸ್ಕ್ವಾಡ್ರನ್ನಿನ ತಂಡದಿಂದ ಮರಳದವರು ಇಬ್ಬರು, ಭಗವತ್ ಮತ್ತು ಬ್ರಾರ್. ಅಂದೇ ಬೇರೆ ತಂಡದ ಇನ್ನೊಂದು ಹಂಟರ್ ಬಿದ್ದು ಅದರ ಪೈಲಟ್ ಸೆರೆಯಾದರು. ಅದು ಎಂಜಿನ್ ಕೈಕೊಟ್ಟದ್ದರಿಂದ ಎಂಬುದು ಭಾರತದ ಕಡೆಯ ವಿವರಣೆ. ಅದನ್ನೂ ಸೇರಿಸಿದರೂ ಐದಾಗುವುದಿಲ್ಲ. ಮಿಕ್ಕ ಹಂಟರ್‌ಗಳೂ ಅವುಗಳ ಪೈಲಟ್‌ಗಳೂ ಆಮೇಲೂ ಹಾರಿದ ಕಾರಣ ಇಲ್ಲಿ ಮುಚ್ಚಿಡಲು ಜಾಗವಿಲ್ಲ. ಒಂದೇ ಹಾರಾಟದಲ್ಲಿ ಇಬ್ಬರನ್ನು ಉರುಳಿಸುವುದೂ ಸಾಧಾರಣ ಸಾಧನೆಯಲ್ಲ ಎಂಬುದನ್ನು ಇದರ ಜೊತೆಗೇ ಹೇಳಬೇಕು.

ಅದೇ ಬೆಳಿಗ್ಗೆ, ಅದೇ ಸರ್ಗೋಧಾಕ್ಕೆ, ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಹೋಗಿದ್ದವು. ನಾಯಕ ವಿಂಗ್ ಕಮಾಂಡರ್ ಓ.ಪಿ. ತನೇಜಾ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅಂದಿನ ತಂಡದಲ್ಲಿ ಬದಲಿ ಪೈಲಟ್: ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗ ತುಂಬಬೇಕಾದವರು. ಅವರು ಹೋದರು, ಮರಳಲಿಲ್ಲ. ಸ್ಕ್ವಾಡ್ರನ್ನಿನ ಯಾರೂ ಅವರ ಕೊನೆಯನ್ನು ಕಾಣಲಿಲ್ಲ, ಕ್ಲೇಮು ಬರೆಯಲು ಅವರೇ ಇರಲಿಲ್ಲ. ಭಾರತದ ಕಾಗದದಲ್ಲಿ ಅವರು ಕಾಣೆಯಾದವರು, ಗೆಲುವು ಸೊನ್ನೆ. ಹದಿನಾಲ್ಕು ವರ್ಷಗಳ ನಂತರ, 1979ರಲ್ಲಿ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಬರೆದ ಪುಸ್ತಕ ಹೊರಬಂತು. ಆ ಬೆಳಿಗ್ಗೆ ಸರ್ಗೋಧಾದಿಂದ ಎದ್ದ ಎಫ್-104 ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ನಷ್ಟವಾಯಿತು, ಪೈಲಟ್ ಅಮ್ಜದ್ ಹುಸೇನ್ ಹೊರಜಿಗಿದು ಬದುಕಿದರು ಎಂಬ ಸಂಗತಿ ಅದರಲ್ಲಿತ್ತು. ಶಬ್ದದ ಎರಡು ಪಟ್ಟು ವೇಗದ ಆ ವಿಮಾನದ ಎದುರಿಗೆ ಮಿಸ್ಟೇರ್ ಶಬ್ದವೇಗವನ್ನೂ ಮಟ್ಟಸ ಹಾರಾಟದಲ್ಲಿ ಮೀರಲಾರದ ಯಂತ್ರ. ಮರಳಿದ ಮಿಸ್ಟೇರ್ ಪೈಲಟ್‌ಗಳಲ್ಲಿ ಯಾರೂ ಸ್ಟಾರ್‌ಫೈಟರ್ ಹೊಡೆದೆನೆಂದು ಹೇಳಿರಲಿಲ್ಲ. ಉಳಿದದ್ದು ಒಂದೇ ಹೆಸರು. ತನೇಜಾ ಮೊದಲಾದವರು ವಿಷಯವನ್ನು ಎತ್ತಿ ಹಿಡಿದ ಮೇಲೆ 1988ರಲ್ಲಿ, ಘಟನೆಯ 23 ವರ್ಷಗಳ ಬಳಿಕ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. 2025ರ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ಹೆಸರು ಬದಲಿಸಿ ತೆರೆಗೆ ತಂದದ್ದು ಈ ಪ್ರಸಂಗವನ್ನೇ.

ದೇವಯ್ಯನವರ ಕಥೆಯನ್ನೂ ಮೇಲಿನ ಕಟ್ಟಳೆಗಳಿಂದ ಹೊರಗಿಡುವಂತಿಲ್ಲ. ಸೋತವನ ಪುಸ್ತಕ ಏನು ಕಳೆಯಿತೆಂದು ಹೇಳುತ್ತದೆ, ಯಾರಿಂದ ಎಂಬುದರಲ್ಲಿ ತಡವರಿಸುತ್ತದೆ ಎಂದೆವಲ್ಲ, ಇಲ್ಲೂ ಹಾಗೆಯೇ. ಏಟು ತಿಂದ ಮಿಸ್ಟೇರ್ ತಿರುಗಿಬಿದ್ದು ತನ್ನ 30 ಮಿಲಿಮೀಟರ್ ಫಿರಂಗಿಗಳಿಂದ ಸ್ಟಾರ್‌ಫೈಟರನ್ನು ಹೊಡೆಯಿತು ಎಂಬುದು ಭಾರತ ಒಪ್ಪಿರುವ ಚಿತ್ರ. ಸ್ಫೋಟಿಸಿದ ಮಿಸ್ಟೇರಿನ ಚೂರುಗಳು ತಗುಲಿ ಸ್ಟಾರ್‌ಫೈಟರ್ ಕೆಟ್ಟಿತು ಎಂಬುದು ಪಾಕಿಸ್ತಾನದ ಕಡೆಯಿಂದ ಬಂದ ಒಂದು ವಿವರಣೆ. ಮೊದಲನೆಯದೇ ಹೆಚ್ಚು ಸಂಭವನೀಯವೆಂದು ಈ ಲೇಖಕನಿಗೆ ತೋರುತ್ತದೆ; ಎರಡೂ ವಿಮಾನಗಳ ನಡುವೆ ಕಾದಾಟ ನಡೆಯಿತೆಂಬುದು ಆ ಕಡೆಯ ಕಥನದಲ್ಲೇ ಇರುವುದರಿಂದ ಚೂರುಗಳ ವಾದ ಸಾಲದು. ಆದರೂ ಅದು ತೋರಿಕೆಯೇ ಹೊರತು ದಾಖಲೆಯಲ್ಲ. ಒಂದು ಸ್ಟಾರ್‌ಫೈಟರ್ ಬಿತ್ತು, ಒಂದು ಮಿಸ್ಟೇರ್ ಬಿತ್ತು, ಎರಡೂ ಒಂದೇ ಕಾದಾಟದಲ್ಲಿ ಬಿದ್ದವು: ಈ ಮೂರರ ಬಗ್ಗೆ ಎರಡೂ ದೇಶಗಳ ಲೆಕ್ಕದಲ್ಲಿ ತಕರಾರಿಲ್ಲ.